ಕರೆದ ಕೂಡಲೇ ಬರುವ ಪೆಟ್ಟಿಗೆ

ಹೆಣ ಇಡುವ ತಂಪು ಪೆಟ್ಟಿಗೆಯನ್ನು ಉದ್ಘಾಟನೆ ಮಾಡುವುದು ಹೇಗೆ ಎಂದು ಅಂಕೋಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಬ್ಯುಲೆನ್ಸ್ ಆದರೆ ಹಸಿರು ಬಾವುಟ ತೋರಿಸಬಹುದು. ಶಾಲೆಯ ಕೋಣೆಯಾದರೆ ಟೇಪು ಕತ್ತರಿಸಿ, ಒಳಗೆ ಹೋಗಿ ಕುಳಿತು, ಚಹಾ ಕುಡಿದು ಬರಬಹುದು. ಇದರೊಳಗೆ ಹೋಗುವವರು ಯಾರು? ಮುಖ್ಯ ಅತಿಥಿಗಳು ಟೇಪು ಕತ್ತರಿಸಿದರು, ದೀಪ ಹಚ್ಚಿದರು, ತೆಂಗಿನಕಾಯಿ ಒಡೆಯಬೇಕೋ ಬೇಡವೋ ಎಂದು ಭಟ್ಟರ ಮುಖ ನೋಡಿದರು. ಭಟ್ಟರು ಸಮುದ್ರದ ಕಡೆ ನೋಡಿದರು. ಕೊನೆಗೆ ಫೋಟೋ ತೆಗೆಯುವವನೇ ಬಾಯಿಬಿಟ್ಟ.

"ಖಾಲಿ ಪೆಟ್ಗೆ ಫೋಟೋದಲ್ಲಿ ಚಲೋ ಕಾಣೂದಿಲ್ರಾ. ಐಸ್‌ಕ್ರೀಮ್ ಅಂಗಡಿದು ಅಂದ್ಕಂತ್ರು."

ಆಗ ನನ್ನ ಗಂಡ ಚಪ್ಪಲಿ ಬಿಚ್ಚಿಟ್ಟು ಪೆಟ್ಟಿಗೆಯೊಳಗೆ ಮಲಗಿದರು. ಮುಚ್ಚಳ ಹಾಕಿಸಿಕೊಂಡು, ಗಾಜಿನೊಳಗಿಂದ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ಜನ ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿಗಳು ಪೆಟ್ಟಿಗೆಯ ಮೇಲೆ ಕೈಯಿಟ್ಟು ಗಂಭೀರವಾಗಿ ನಿಂತರು. ಮನೆಗೆ ಬಂದ ಮೇಲೆ ನಾನು ಮಾತು ಬಿಟ್ಟೆ. "ಅಪಶಕುನ ಎಂತದೂ ಇಲ್ಲ ಮಾರಾಯ್ತಿ. ಒಳಗೆ ತಣ್ಣಗೆ ಚಲೋ ಅದೆ. ಮೇ ತಿಂಗಳಲ್ಲಿ ಖಾಲಿ ಇದ್ರೆ ನಿನ್ನೂ ಕರ್ಕಂಡು ಹೋಗ್ತೆ," ಎಂದರು ಅವರು. ನಗು ಬಂತು. ಸೆರಗಿನಲ್ಲಿ ಮುಚ್ಚಿಕೊಂಡೆ.

ಆ ಪೆಟ್ಟಿಗೆಯನ್ನು ಊರಿಗೆ ಕೊಟ್ಟವರು, ನಮ್ಮ ಕಡೆಯವರೆಲ್ಲ ಚಾಂಪಿಯನ್ ಎಂದೇ ಕರೆಯುವ ವಾಲಿಬಾಲ್ ಆಟಗಾರರು. ದೇಶದ ತಂಡಕ್ಕೂ ಆಡಿದವರು. ನನ್ನ ಗಂಡ ಮತ್ತು ಅವರು ಅಂಕೋಲೆಯ ಒಂದೇ ಮರಳಿನ ಅಂಗಳದಲ್ಲಿ ಆಡಿ ಬೆಳೆದವರು. ಬಲೆಯ ಹತ್ತಿರ ನಿಂತು ಚೆಂಡನ್ನು ಹದವಾಗಿ ಮೇಲೆ ಕಳಿಸಿ ಕೊಡುವವರು ಇವರು. ಹಾರಿ ಹೊಡೆಯುವವರು ಅವರು. ಪೇಪರಿನಲ್ಲಿ ಬರುವುದು ಹೊಡೆದವರ ಫೋಟೋ. ಇವರದ್ದೇನಾದರೂ ಬಂದರೆ ಒಂದು ಮೊಣಕೈ ಬರುತ್ತಿತ್ತು. ಆಟದಿಂದಲೇ ಇಬ್ಬರಿಗೂ ನೌಕರಿ ಆಯಿತು. ಅವರು ಬ್ಯಾಂಕಿನಲ್ಲಿ ಮೇಲೆ ಮೇಲೆ ಹೋದರು. ಇವರು ಮಲ್ಲಾಪುರದಲ್ಲಿ ವಿದ್ಯುತ್ ಸ್ಥಾವರದ ಸ್ಟೋರಿನ ಕೆಲಸಕ್ಕೆ ಸೇರಿ ಅದರಲ್ಲೇ ನಿವೃತ್ತರಾದರು. ನಾನು ಬಾಲವಾಡಿಯಲ್ಲಿ ಕಲಿಸುವ ಅಕ್ಕೋರು. ಕ್ವಾರ್ಟರ್ಸಿನಲ್ಲಿದ್ದಾಗಲೇ ಕಾರವಾರದ ಕೋಡಿಬಾಗದಲ್ಲಿ ಸಣ್ಣ ಮನೆ ಕಟ್ಟಿಸಿದೆವು. ನಿವೃತ್ತಿಯಾದ ಮೇಲೆ ಜಗುಲಿಯ ಮೇಲೆ ಕುಳಿತು ಕಾಳಿ ನದಿ ನೋಡಬೇಕು ಎನ್ನುವುದು ನನ್ನ ಆಸೆ. ಇವರು ನಿವೃತ್ತರಾದ ತಿಂಗಳೇ ಚಾಂಪಿಯನ್ನರು ಟ್ರಸ್ಟ್ ಶುರು ಮಾಡಿದರು. ಜಗುಲಿಯ ಮೇಲೆ ನಾನೊಬ್ಬಳೇ ಕುಳಿತೆ.

ಚಾಂಪಿಯನ್ನರು ಕೆಟ್ಟವರಲ್ಲ. ಕೈ ಎತ್ತಿ ಕೊಡುವ ಮನುಷ್ಯ. ಆದರೆ ಕೊಡುವಾಗ ಎದುರು ಕ್ಯಾಮೆರಾ ಇಲ್ಲದಿದ್ದರೆ ಅವರಿಗೆ ಕೊಟ್ಟ ಹಾಗೇ ಅನ್ನಿಸುತ್ತಿರಲಿಲ್ಲ. ಮರಳಿನ ಮೇಲೆ ಬರಿಗಾಲಲ್ಲಿ ಆಡುವ ಮಕ್ಕಳಿಗೆ ಬೂಟು ಕೊಟ್ಟರು. ಮರಳಲ್ಲಿ ಬೂಟು ಹಾಕಿ ಆಡಲು ಬರುವುದಿಲ್ಲ. ಅವು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿದ್ದು ಆಗಸ್ಟ್ ಹದಿನೈದಕ್ಕೆ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತವೆ. ಮಕ್ಕಳ ಕಾಲು ಬೆಳೆದಿದೆ, ಬೂಟು ಬೆಳೆದಿಲ್ಲ. ಮೀನು ಮಾರುವ ಹೆಂಗಸರಿಗೆ ರೇನ್‌ಕೋಟ್ ಹಂಚಿದರು. ಬೆನ್ನಿನ ತುಂಬ ಚಾಂಪಿಯನ್ನರು ಹಾರುತ್ತಿರುವ ಚಿತ್ರ. ನಮ್ಮ ಪಕ್ಕದ ಮನೆಯಾಕೆ ಮೀನು ವ್ಯಾಪಾರದವಳು. ಮನೆಯಲ್ಲಿ ಸ್ವಂತ ಬೋಟಿದೆ, ಬಾಯಿಯೂ ಸ್ವಂತದ್ದೇ. ಅದನ್ನು ಹಾಕಿಕೊಂಡು ಮೊದಲ ಮಳೆಯಲ್ಲಿ ಮಾರ್ಕೆಟ್ಟಿಗೆ ಹೋಗಿ ಬಂದವಳು ಅಂಗಳದಲ್ಲಿ ನಿಂತು ಕೂಗಿದಳು.

"ಅಕ್ಕೋರೇ, ನಿಮ್ಮ ಚಾಂಪಿಯನ್ ಮೂತಿ ಚಂದ ತೊಳ್ದು ಬಂತು ನೋಡಿ! ನನ್ನ ಬೆನ್ನು ಮಾತ್ರ ಪೂರಾ ಒದ್ದೆ."

ಪೆಟ್ಟಿಗೆಯದ್ದು ಹಾಗಲ್ಲ. ಅದು ನಿಜವಾಗಿ ಬೇಕಾದ ವಸ್ತು. ನಮ್ಮಲ್ಲಿ ಮನೆಗೊಬ್ಬರು ಮುಂಬಯಿಯಲ್ಲೋ ಗಲ್ಫಿನಲ್ಲೋ ಹಡಗಿನಲ್ಲೋ ಇರುತ್ತಾರೆ. ಅವರು ಬರುವ ತನಕ ಕಾಯಬೇಕು. ಕಾರವಾರದಿಂದ ಅಂಕೋಲೆಯ ತನಕ ಯಾವ ಮನೆಯಲ್ಲಿ ಸಾವಾದರೂ ಪೆಟ್ಟಿಗೆ ಹೋಗುತ್ತಿತ್ತು, ಬಾಡಿಗೆ ಇಲ್ಲ. ಎರಡೂ ಬದಿಗೆ ಚಾಂಪಿಯನ್ನರ ಹಾರುವ ಚಿತ್ರ, ಕೆಳಗೆ ಕೆಂಪು ಅಕ್ಷರದಲ್ಲಿ 'ಕರೆದ ಕೂಡಲೇ ಸೇವೆ', ಅದರ ಕೆಳಗೆ ಮೊಬೈಲ್ ನಂಬರು. ನಂಬರು ನನ್ನ ಗಂಡನದ್ದು. ಟ್ರಸ್ಟಿನ ಸಣ್ಣ ಗಾಡಿ ನಮ್ಮ ಅಂಗಳದಲ್ಲೇ ನಿಲ್ಲುತ್ತಿತ್ತು. ಊಟಕ್ಕೆ ಕುಳಿತಾಗ ಫೋನು ಬಂದರೆ ಇವರು ಕೈ ತೊಳೆದು ಹೊರಡುತ್ತಿದ್ದರು. ಇವರು ಹೋಗಿ, ಪೆಟ್ಟಿಗೆ ಇಳಿಸಿ, ಕರೆಂಟಿಗೆ ಹಚ್ಚಿ, ಹೆಣ ಮಲಗಿಸಿ ಎಲ್ಲ ಮುಗಿಸಿದ ಮೇಲೆ ಚಾಂಪಿಯನ್ನರು ನೀಲಿ ಬ್ಲೇಜರ್ ಹಾಕಿಕೊಂಡು ಬರುತ್ತಿದ್ದರು. ಅವರು ಬಂದರೆ ಅಳುತ್ತಿದ್ದವರು ಅಳು ನಿಲ್ಲಿಸಿ ಕುರ್ಚಿ ಹುಡುಕುತ್ತಿದ್ದರು. ಒಂದು ಮನೆಯಲ್ಲಿ ಸತ್ತವರ ಅಳಿಯ ಸೆಲ್ಫಿ ತೆಗೆದುಕೊಂಡ. ಮಾವನೂ ಹಿಂದೆ ಸ್ವಲ್ಪ ಬಂದಿದ್ದಾರೆ ಎಂದು ಎಲ್ಲರಿಗೂ ತೋರಿಸಿದ.

"ಒಂದು ದಿನ ಆದ್ರೂ ಮನೇಲಿ ಇರಿ," ಎಂದು ನಾನು ಹೇಳುತ್ತಲೇ ಇದ್ದೆ.

"ಇರ್ತೆ ಇರ್ತೆ. ಜನ ಸಾಯೂದು ಸ್ವಲ್ಪ ಕಮ್ಮಿ ಆಗ್ಲಿ," ಎನ್ನುತ್ತಿದ್ದರು.

ಇವರು ತೀರಿಕೊಂಡದ್ದು ಒಂದು ಬೆಳಿಗ್ಗೆ. ಯಾರದೋ ಮನೆಯಿಂದ ಪೆಟ್ಟಿಗೆ ವಾಪಸು ತಂದು, ಫಿನಾಯಿಲ್ ಹಾಕಿ ಒರೆಸಿ, ಸ್ನಾನ ಮಾಡಿ ಬಂದು "ಎದೆ ಹಿಡಿದಂಗೆ ಆಗ್ತದೆ" ಎಂದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿದಿತ್ತು. ಮನೆಗೆ ತಂದಾಗ ಪೆಟ್ಟಿಗೆ ಅಂಗಳದಲ್ಲೇ ಇತ್ತು, ಒರೆಸಿದ ಹಸಿಯೂ ಆರಿರಲಿಲ್ಲ. ಕರೆದ ಕೂಡಲೇ ಅಲ್ಲ, ಕರೆಯುವ ಮೊದಲೇ ಬಂದಿತ್ತು. ಮಗ ಸಾಮಾನು ಹಡಗಿನಲ್ಲಿ ಎಂಜಿನ್ ಕೆಲಸದವನು, ಅವನ ಹಡಗು ಆಗ ಸಿಂಗಾಪುರದಲ್ಲಿತ್ತು. ಇಳಿದು, ವಿಮಾನ ಹಿಡಿದು, ಗೋವೆಗೆ ಬಂದು, ಅಲ್ಲಿಂದ ಮನೆ ಸೇರುವಾಗ ನಾಡಿದ್ದು ಬೆಳಿಗ್ಗೆ ಆಗುತ್ತದೆ ಎಂದ. ಇವರನ್ನು ಒಳಕೋಣೆಯಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿದರು. ನನಗೆ ಬುದ್ಧಿ ಕೆಟ್ಟಿತ್ತೋ ಏನೋ. ಅಳುವಿನ ನಡುವೆ ಒಂದು ವಿಚಾರ ಬಂತು. ನಾಡಿದ್ದಿನ ತನಕ ಇವರು ಮನೆಯಲ್ಲಿರುತ್ತಾರೆ, ಯಾರ ಫೋನು ಬಂದರೂ ಏಳುವುದಿಲ್ಲ.

ಮಧ್ಯಾಹ್ನ ಚಾಂಪಿಯನ್ನರು ಬಂದರು. ಬ್ಲೇಜರ್ ಇರಲಿಲ್ಲ, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು. ಗಾಜಿನ ಮೇಲೆ ಹಣೆಯಿಟ್ಟು ಅತ್ತರು. ಆ ಅಳು ಸುಳ್ಳಲ್ಲ, ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಆದರೆ ಅತ್ತು ಮುಗಿದ ಮೇಲೆ ಅವರು ಎದ್ದು ಮುಖ ಒರೆಸಿಕೊಂಡರು. ಅಳು ಮುಗಿಸಿ ಎದ್ದ ಚಾಂಪಿಯನ್ನರ ಎದುರು ಒಂದು ಕಾರ್ಯಕ್ರಮ ತಯಾರಾಗಿರುತ್ತದೆ.

"ವೈನಿ, ನಾಳೆ ಹತ್ತು ಗಂಟೆಗೆ ಒಯ್ವಾ," ಎಂದರು. ಅತ್ತಿಗೆಯ ಲೆಕ್ಕದಲ್ಲಿ ನನ್ನನ್ನು ವೈನಿ ಎಂದೇ ಕರೆಯುವವರು.

"ಎಲ್ಲಿಗೆ ಭಾವ?"

"ಗ್ರೌಂಡಿಗೆ. ಅಂಕೋಲೆಗೆ. ಅಂತಿಮ ದರ್ಶನ ಅಲ್ಲೇ. ಕೋರ್ಟಿನ ನಡೂಕೆ ಪೆಟ್ಗೆ ಇಡೂದು, ಬಲೆ ಅರ್ಧಕ್ಕೆ ಇಳಿಸೂದು. ಹಳೇ ಆಟಗಾರರೆಲ್ಲ ಜರ್ಸಿ ಹಾಕಂಡು ಎರಡೂ ಬದಿಗೆ. ಎಮ್ಮೆಲ್ಲೆ ಬತ್ತೆ ಅಂದೀರು. ಮೈಕಿನವಂಗೆ ಹೇಳಾಯ್ತು."

"ಬೇಡ ಭಾವ. ಮನೇಲೇ ಇರ್ಲಿ. ಮಗ ಬಂದ್ಮೇಲೆ ಇಲ್ಲೇ ಹೊಳೆ ಬದಿಗೆ ಒಯ್ದರಾಯ್ತು."

"ಮನೇಲಿ ಎಷ್ಟು ಜನ ಹಿಡೀತ್ರು ವೈನಿ? ಅಂವ ಬರೀ ನಿಮ್ಮ ಗಂಡ ಅಲ್ಲ, ಊರಿನ ಆಸ್ತಿ."

ಊರಿನ ಆಸ್ತಿ ಎನ್ನುವುದು ನನಗೆ ಮೊದಲೇ ಗೊತ್ತಿತ್ತು. ಆದಿತ್ಯವಾರ ಒಂದು ದಿನವೂ ಅದು ನನ್ನ ಕೈಗೆ ಸಿಕ್ಕಿರಲಿಲ್ಲ.

ಗಂಡ ಸತ್ತ ಹೆಂಗಸಿನ ಮಾತನ್ನು ಜನ ಅಳು ಎಂದೇ ಕೇಳಿಸಿಕೊಳ್ಳುತ್ತಾರೆ. ನಾನು ಬೇಡ ಎಂದಾಗಲೆಲ್ಲ ಯಾರಾದರೂ ಬಂದು ಬೆನ್ನು ಸವರಿ "ಸಮಾಧಾನ, ಸಮಾಧಾನ" ಎಂದರು. ಅಂಕೋಲೆಯಿಂದ ಬಂದಿದ್ದ ನನ್ನ ಅತ್ತಿಗೆ, ಇವರ ಅಕ್ಕ, ಕಿವಿಯ ಹತ್ತಿರ ಬಾಯಿ ತಂದು ಹೇಳಿದರು. "ಎಮ್ಮೆಲ್ಲೆ ಬಂದು ಹಾರ ಹಾಕೂದು ಅಂದ್ರೆ ಸಣ್ಣ ಮಾತಲ್ಲ ತಂಗಿ. ನನ್ನ ತಮ್ಮಂಗೆ ಬದುಕಿದ್ದಾಗ ಎಂತದೂ ಸಿಗ್ಲಿಲ್ಲ. ಈಗಾದ್ರೂ ಸಿಗ್ಲಿ, ಅಡ್ಡ ಬರಬೇಡ."

ಸಂಜೆಯೊಳಗೆ ಮೊಬೈಲಿನಲ್ಲಿ ಫ್ಲೆಕ್ಸಿನ ಚಿತ್ರ ಬಂತು. ನಡುವೆ ಚಾಂಪಿಯನ್ನರು ಹಾರುತ್ತಿದ್ದಾರೆ, ಕಾಲಿನ ಹತ್ತಿರ ಉರಿಯುವ ದೀಪ. ಮೇಲೆ ಮೂಲೆಯಲ್ಲಿ ಬಳೆಯಷ್ಟು ದೊಡ್ಡ ವೃತ್ತದಲ್ಲಿ ನನ್ನ ಗಂಡ. ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ಗೋಕರ್ಣದ ಕಡೆಯ ಕೆಲವರು ಗಾಬರಿಯಿಂದ ಚಾಂಪಿಯನ್ನರ ಮನೆಗೇ ಫೋನು ಮಾಡಿ ಹೇಗಾಯಿತು ಎಂದು ಕೇಳಿದರಂತೆ. ಫೋನು ಎತ್ತಿದ್ದು ಸ್ವತಃ ಚಾಂಪಿಯನ್ನರು.

ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಹತ್ತಿರ ಕುಳಿತಿದ್ದೆ. ಹೊರಗೆ ಗಾಡಿಗೆ ಹೂವು ಕಟ್ಟುತ್ತಿದ್ದರು. ಆಗ ಕಪಾಟಿನ ಮೇಲಿದ್ದ ಇವರ ಫೋನು ಬಡಿದುಕೊಂಡಿತು. ಎತ್ತಿದೆ. ಒಬ್ಬ ಗಂಡಸು, ದನಿ ಒಡೆದಿತ್ತು.

"ಅರ್ಗಾದಿಂದ ಮಾತಾಡೂದು. ಅಮ್ಮ ಹೋಯ್ತು. ತಂಗಿ ಮುಂಬಯಿಂದ ಬರಬೇಕು. ಪೆಟ್ಗೆ ಖಾಲಿ ಅದ್ಯಾ?"

ನಾನು ಗಾಜಿನೊಳಗೆ ನೋಡಿದೆ. ಇವರ ಹಣೆಯ ಮೇಲೆ ಯಾರೋ ಹಚ್ಚಿದ ಗಂಧ ಒಣಗಿ ಬಿರಿದಿತ್ತು. ಪೆಟ್ಟಿಗೆ ಖಾಲಿ ಇಲ್ಲ ಎಂದು ಹೇಳಲು ಬಾಯಿ ತೆರೆದವಳು, "ಖಾಲಿ ಮಾಡಿಸ್ತೆ. ಮನೆ ಗುರುತು ಹೇಳಿ," ಎಂದುಬಿಟ್ಟೆ.

ಇದನ್ನು ಆಮೇಲೆ ಬಹಳ ಜನ ನನ್ನ ದೊಡ್ಡ ಮನಸ್ಸು ಎಂದು ಹೊಗಳಿದರು. ದೊಡ್ಡ ಮನಸ್ಸು ಎಂತದೂ ಇರಲಿಲ್ಲ. ಆ ಮಗನ ದನಿ ಕೇಳಿ ಪಾಪ ಅನ್ನಿಸಿದ್ದು ಹೌದು. ಅದರ ಜೊತೆಗೇ, ಪೆಟ್ಟಿಗೆ ಹೋದರೆ ಇವರು ಉಳಿಯುತ್ತಾರೆ ಎನ್ನುವ ಲೆಕ್ಕವೂ ತಲೆಗೆ ಬಂದಿತ್ತು. ಬಿಸಿಲಿನಲ್ಲಿ ಪೆಟ್ಟಿಗೆಯಿಲ್ಲದೆ ಹೆಣವನ್ನು ಅಂಕೋಲೆಯ ಗ್ರೌಂಡಿಗೆ ಒಯ್ದು ಎಮ್ಮೆಲ್ಲೆಗೆ ಕಾಯುವ ಧೈರ್ಯ ಯಾವ ಚಾಂಪಿಯನ್ನನಿಗೂ ಇಲ್ಲ.

ಹಿತ್ತಲ ಬಾಗಿಲಿಗೆ ಹೋಗಿ ಪಕ್ಕದ ಮನೆಯಾಕೆಯನ್ನು ಕರೆದು ವಿಷಯ ಹೇಳಿದೆ. "ನಾಳೆ ಬೆಳಗ್ಗೆ ತನಕ ಇವರನ್ನ ಹೆಂಗೆ ಇಡೂದು?" ಎಂದು ಕೇಳಿದೆ.

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಐಸ್ ಹಾಕಿ. ಈ ಪೆಟ್ಗೆ ನಿನ್ನೆ ಮೊನ್ನೆ ಬಂದದ್ದು. ನನ್ನ ಮಾವನ್ನ ಮೂರು ದಿನ ಐಸಲ್ಲೇ ಇಟ್ಟಿರಲಿಲ್ವಾ? ನಮ್ಮ ಬಂಗುಡೆ ಐಸಲ್ಲಿ ಕೇರಳದ ತನಕ ಹೋಗಿ ತಾಜಾ ಇಳೀತದೆ. ಅಣ್ಣ ಒಂದು ದಿನ ಇರೂದಿಲ್ವಾ?" ಎಂದವಳು ನಾಲಿಗೆ ಕಚ್ಚಿಕೊಂಡಳು. ಇವರು ಹೋದ ಮೇಲೆ ಮೊದಲ ಸಲ ನಾನು ನಕ್ಕೆ. ನಗುತ್ತಾ ಹೋಗಿ ಅಳುವಾಯಿತು. ಅವಳು ನನ್ನ ತಲೆಯನ್ನು ಎದೆಗೆ ಹಿಡಿದುಕೊಂಡು ನಿಂತಳು, ನಂತರ ಬೋಟಿನವರಿಗೆ ಫೋನು ಮಾಡಿದಳು.

ಚಾಂಪಿಯನ್ನರು ಬ್ಲೇಜರ್ ಹಾಕಿಕೊಂಡು ಬಂದಾಗ ಜಗುಲಿಯ ಮೇಲೆ ಭತ್ತದ ಹೊಟ್ಟು ಹರಡಿ, ತಾಡಪಾಲು ಹಾಸಿ, ಅದರ ಮೇಲೆ ಐಸಿನ ದೊಡ್ಡ ಗಡ್ಡೆಗಳನ್ನು ಸಾಲಾಗಿ ಇಟ್ಟಾಗಿತ್ತು. ಐಸಿನ ಮೇಲೆ ಚಾಪೆ. ಬೋಟಿನ ನಾಲ್ಕು ಜನ ಇವರನ್ನು ಹೊತ್ತು ತಂದು ಚಾಪೆಯ ಮೇಲೆ ಮಲಗಿಸುತ್ತಿದ್ದರು.

"ಇದೆಂತದು ವೈನಿ? ಯಾರು ಹೇಳಿದ್ದು? ಅಲ್ಲಿ ಸ್ಟೇಜು ಹಾಕಾಗದೆ!"

"ಅರ್ಗಾದಿಂದ ಫೋನ್ ಬಂತು ಭಾವ. ಪೆಟ್ಗೆ ಬೇಕಂತೆ."

"ನಾಳೆ ಕೊಡ್ವಾ. ಇವತ್ತು ಹೆಂಗೆ ಸಾಧ್ಯ?"

"ನಾಳೆ ಸಿಗೂದು ಅಂತ ಗೊತ್ತಿದ್ರೆ ಆ ಅಮ್ಮ ನಾಳೆನೇ ಸಾಯ್ತಿತ್ತು," ಎಂದಳು ಪಕ್ಕದ ಮನೆಯಾಕೆ, ಐಸಿನ ಮೇಲೆ ಗೋಣಿ ಮುಚ್ಚುತ್ತಾ. "ಕರೆದ ಕೂಡಲೇ ಅಂತ ಅಷ್ಟು ದೊಡ್ಡಕೆ ಬರೆಸೀರಿ. ಎಮ್ಮೆಲ್ಲೆ ಬಂದು ಹೋದ ಕೂಡಲೇ ಅಂತ ಬರೆಸಬೇಕಾಗಿತ್ತು."

ಗಾಡಿಗೆ ಹೂವು ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡರು. ಚಾಂಪಿಯನ್ನರು ನನ್ನನ್ನು ನೋಡಿದರು. ಮದುವೆಯಾಗಿ ಬಂದ ದಿನದಿಂದ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು, ನನ್ನ ಕೈಯಲ್ಲಿ ಚಹಾದ ಟ್ರೇ ಇಲ್ಲದೆ.

"ಇವರನ್ನ ಎಲ್ಲಿಗೂ ಕಳಿಸೂದಿಲ್ಲ ಭಾವ," ಎಂದೆ. ದನಿ ಏರಿಸಲಿಲ್ಲ, ಅಳಲೂ ಇಲ್ಲ. "ಇಷ್ಟು ವರ್ಷ ಕರೆದವರ ಮನೆಗೆಲ್ಲ ಕಳಿಸಿದೆ. ಇವತ್ತೊಂದು ದಿನ ನಮ್ಮ ಮನೇಲಿ ಇರ್ಲಿ. ಪೆಟ್ಗೆ ನೀವು ಒಯ್ಯಿ. ಅಲ್ಲಿ ಒಬ್ರು ತಾಯಿನ ಇಟ್ಕಂಡು ಕಾಯ್ತಾ ಅದಾರೆ."

ಒಯ್ಯಿ ಎಂದದ್ದೇನೋ ಆಯಿತು. ಒಯ್ಯುವವರು ಯಾರು ಎಂಬ ಪ್ರಶ್ನೆ ಆಮೇಲೆ ಎದ್ದಿತು. ಟ್ರಸ್ಟಿನಲ್ಲಿ ಗೌರವಾಧ್ಯಕ್ಷರಿದ್ದರು, ಕಾರ್ಯಾಧ್ಯಕ್ಷರಿದ್ದರು, ಸಂಚಾಲಕರು, ಸಹ ಸಂಚಾಲಕರು ಎಲ್ಲ ಇದ್ದರು. ಗಾಡಿ ಓಡಿಸುವವರು ಒಬ್ಬರೇ ಇದ್ದರು, ಅವರು ಐಸಿನ ಮೇಲೆ ಮಲಗಿದ್ದರು. ಸಂಚಾಲಕರು ಸ್ಟೇಜಿನ ಕಡೆ ಹೋಗಬೇಕು ಎಂದರು. ಸಹ ಸಂಚಾಲಕರಿಗೆ ಬೆನ್ನು ನೋವಿತ್ತು. ಕೊನೆಗೆ ಚಾಂಪಿಯನ್ನರೇ ಬ್ಲೇಜರ್ ತೆಗೆದು ಅತ್ತಿಗೆಯ ಕೈಗೆ ಕೊಟ್ಟು, ಬೋಟಿನವರ ಜೊತೆ ಪೆಟ್ಟಿಗೆಗೆ ಕೈ ಹಚ್ಚಿದರು. ಕಟ್ಟಿದ ಹೂವು ಬಿಚ್ಚಲು ಪುರುಸೊತ್ತಾಗಲಿಲ್ಲ. ಅವರೇ ಓಡಿಸಿಕೊಂಡು ಹೊರಟ ಗಾಡಿ ಮದುವೆ ದಿಬ್ಬಣದ ಹಾಗೆ ಅರ್ಗಾದ ಕಡೆ ಹೋಯಿತು.

ಗ್ರೌಂಡಿನ ಕಾರ್ಯಕ್ರಮ ನಿಂತಿತು ಎಂದು ತಿಳಿಯಬೇಡಿ. ಸ್ಟೇಜು ಹಾಕಾಗಿತ್ತು, ಮೈಕಿತ್ತು, ಎಮ್ಮೆಲ್ಲೆ ಹೊರಟಾಗಿತ್ತು. ಹೆಣವಿಲ್ಲದೆಯೇ ಅಂತಿಮ ದರ್ಶನ ನಡೆಯಿತು. ಬ್ಲೇಜರ್ ಹಿಡಿದುಕೊಂಡು ಹೋಗಿದ್ದ ಅತ್ತಿಗೆ ಮಧ್ಯಾಹ್ನ ವಾಪಸು ಬಂದು ಎಲ್ಲ ಹೇಳಿದರು. ಕೋರ್ಟಿನ ನಡುವೆ ಒಂದು ಮೇಜು, ಅದರ ಮೇಲೆ ಬಿಳಿ ಬಟ್ಟೆ. ಜನ ಸಾಲಾಗಿ ಬಂದು ಮೇಜಿಗೆ ಸುತ್ತು ಹಾಕಿ ಕೈ ಮುಗಿದರು. ಎಮ್ಮೆಲ್ಲೆ ಮೇಜಿನ ಮೇಲೆ ಹಾರ ಇಟ್ಟು ಮಾತಾಡಿದರು. ಇವರು ಹಾರಿ ಹೊಡೆದರೆ ಎದುರಿನ ತಂಡ ನಡುಗುತ್ತಿತ್ತು ಎಂದರು.

"ಅಂವ ಯಾವಾಗ ಹಾರಿದ್ದ?" ಎಂದು ಅತ್ತಿಗೆ ನನ್ನನ್ನೇ ಕೇಳಿದರು. "ಇಡೀ ಊರಿನ ಎದುರು ಸುಳ್ಳು. ಒಬ್ರಾದ್ರೂ ಬಾಯಿ ಬಿಡಲಿಲ್ಲ." ಹಾಗೆಂದು ಜಗುಲಿಯ ಮೇಲೆ ತಮ್ಮನ ತಲೆಯ ಹತ್ತಿರ ಕುಳಿತರು. ಮತ್ತೆ ಏಳಲಿಲ್ಲ, ನನಗೆ ಅಡ್ಡ ಬರಬೇಡ ಎಂದೂ ಹೇಳಲಿಲ್ಲ.

ದೊಡ್ಡವರೆಲ್ಲ ಅಂಕೋಲೆಗೆ ಹೋಗಿದ್ದರಿಂದ ಕೋಡಿಬಾಗದ ಮನೆಗೆ ಬಂದವರು ಬೇರೆಯೇ ಜನ. ಪೆಟ್ಟಿಗೆ ಹೋದ ಮನೆಗಳವರು. ಯಾರ ಹೆಸರೂ ನನಗೆ ಗೊತ್ತಿಲ್ಲ. ಬಂದರು, ಕಾಲಿನ ಹತ್ತಿರ ಎರಡು ಹೂವು ಹಾಕಿದರು, "ನಮ್ಮ ಅಪ್ಪನ್ನ ಇವರೇ ಮಲಗಿಸಿದ್ರು" ಎಂದರು, ಹೋದರು. ಐಸು ಕರಗುತ್ತಿತ್ತು. ಹೊಟ್ಟಿನೊಳಗಿಂದ ನೀರು ಇಳಿದು ಜಗುಲಿಯಿಂದ ಮೆಟ್ಟಿಲಿಗೆ ಹರಿಯುತ್ತಿತ್ತು. ನಾನು ಬಟ್ಟೆ ಹಿಡಿದು ಒರೆಸುತ್ತಾ, ಬಾಲ್ದಿಗೆ ಹಿಂಡುತ್ತಾ ಇದ್ದೆ. ಕೆಲಸವಿದ್ದದ್ದು ಒಳ್ಳೆಯದಾಯಿತು. ಒರೆಸುತ್ತಾ ಒರೆಸುತ್ತಾ ಇವರ ಹತ್ತಿರ ಮಾತಾಡಿದೆ. ಹಲಸಿನ ಮರ ಈ ಸಲ ಕಾಯಿ ಬಿಟ್ಟಿಲ್ಲ, ಗ್ಯಾಸಿನ ಪೈಪು ಬದಲಿಸಬೇಕು, ಅಂಥದ್ದೇ. ನದಿಯ ಗಾಳಿ ಬರುತ್ತಿತ್ತು. ಇವರು ಜಗುಲಿಯ ಮೇಲಿದ್ದರು.

ಬಿಸಿಲು ಇಳಿಯುವಾಗ ಚಾಂಪಿಯನ್ನರು ಬಂದರು. ಅಂಗಿಯೆಲ್ಲ ಬೆವರು, ಕೈಯಲ್ಲಿ ಗ್ರೀಸಿನ ಕಪ್ಪು. ಅರ್ಗಾದ ಮನೆಯಲ್ಲಿ ಯಾರಿಗೂ ಅವರ ಗುರುತು ಸಿಗಲಿಲ್ಲವಂತೆ. ಗಾಡಿಯವನು ಎಂದುಕೊಂಡು ಹಿಂಬಾಗಿಲಲ್ಲಿ ಚಹಾ ಕೊಟ್ಟರಂತೆ. ಪೆಟ್ಟಿಗೆಯ ಮೇಲೆ ಅವರದೇ ಚಿತ್ರವಿದ್ದರೂ ಯಾರೂ ತಾಳೆ ನೋಡಲಿಲ್ಲ.

"ಆ ಪೆಟ್ಗೆ ಅಷ್ಟು ಭಾರ ಅಂತ ನಂಗೆ ಗೊತ್ತಿರಲಿಲ್ಲ ವೈನಿ."

"ನಿಮ್ಮ ಫೋಟೋ ಎರಡೂ ಬದಿಗೆ ಅದೆಯಲ್ಲ, ಅದ್ಕೇ," ಎಂದಳು ಪಕ್ಕದ ಮನೆಯಾಕೆ. ಅವರು ಮೆಟ್ಟಿಲ ಮೇಲೆ ಒದ್ದೆಯಲ್ಲೇ ಕುಳಿತರು. ನಾನು ಬಾಲ್ದಿ ಎತ್ತಲು ಹೋದಾಗ ಅವರೇ ತೆಗೆದುಕೊಂಡು ಹೋಗಿ ತೆಂಗಿನ ಬುಡಕ್ಕೆ ಚೆಲ್ಲಿ ಬಂದರು. ಅದನ್ನು ಯಾರೂ ಫೋಟೋ ತೆಗೆಯಲಿಲ್ಲ. ತೆಗೆದಿದ್ದರೆ ಮರುದಿನದ ಪೇಪರಿನಲ್ಲಿ ಬರುತ್ತಿತ್ತು, ಅವರು ಬೇಡ ಎನ್ನುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು.

ಬೆಳಿಗ್ಗೆ ಮಗ ಬಂದ. ಗೇಟಿನಿಂದಲೇ ಓಡಿ ಬಂದವನು ಜಗುಲಿಯ ಹತ್ತಿರ ನಿಂತುಬಿಟ್ಟ. ಊರಿಗೆಲ್ಲ ಅಪ್ಪ ಪೆಟ್ಟಿಗೆ ಕೊಡುತ್ತಿದ್ದರು, ಅಪ್ಪನಿಗೇ ಪೆಟ್ಟಿಗೆ ಇಲ್ಲ ಎಂದುಕೊಂಡನೋ ಏನೋ, ನನ್ನ ಮುಖ ನೋಡಿದ.

"ಅಪ್ಪನ್ನ ಮುಟ್ಟಬೌದಾ ಅಮ್ಮಾ?"

"ಮುಟ್ಟು ಮಗಾ. ಗಾಜು ಇಲ್ಲ," ಎಂದೆ.

ಅವನು ಗೋಣಿ ಸರಿಸಿ, ಅಪ್ಪನ ಕೈ ಹಿಡಿದುಕೊಂಡು ಕುಳಿತ. ವಿಮಾನದ ಬಟ್ಟೆಯೆಲ್ಲ ಒದ್ದೆಯಾಯಿತು.

ಮಧ್ಯಾಹ್ನಕ್ಕೆ ಮೊದಲೇ ಇವರನ್ನು ಹೊಳೆ ಬದಿಗೆ ಒಯ್ದರು. ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ. ಮುಂದೆ ಮಗ, ಹಿಂದೆ ಬೋಟಿನವರು, ನಡುವೆ ಎಲ್ಲೋ ಚಾಂಪಿಯನ್ನರು ಇದ್ದರು. ತಿರುವಿನ ತನಕ ಕಂಡರು. ಉಳಿದ ಐಸಿನ ತುಂಡುಗಳನ್ನು ಹೆಂಗಸರು ಬುಟ್ಟಿಯಲ್ಲಿ ತುಂಬಿ ಅಂಗಳಕ್ಕೆ ಚೆಲ್ಲಿದರು, ಹೊಟ್ಟು ಗುಡಿಸಿದರು. ಜಗುಲಿಯ ಮೇಲೆ ಒಬ್ಬ ಮನುಷ್ಯ ಮಲಗಿದ ಅಗಲಕ್ಕೆ ನೆಲ ಒದ್ದೆಯಾಗಿತ್ತು. ಅತ್ತಿಗೆ ಬಟ್ಟೆ ತಂದು ಒರೆಸಲು ಬಗ್ಗಿದರು. ನಾನು ಅವರ ಕೈಯಿಂದ ಬಟ್ಟೆ ತೆಗೆದುಕೊಂಡು ಬಾಲ್ದಿಯ ಮೇಲೆ ಹಾಕಿದೆ. ತಾನಾಗಿ ಆರಲಿ ಎಂದೆ.